ಹಿತ್ತಲಲ್ಲಿ ಹಾಟ್ ಟಬ್, ಈಜುಕೊಳ: ಕ್ಯಾಲಿಫೋರ್ನಿಯಾದಲ್ಲಿ ಪರ್ಮಿಟ್ ಪಡೆಯುವುದು ಹೇಗೆ?

ಬೇ ಏರಿಯಾದಲ್ಲೋ ಸ್ಯಾಕ್ರಮೆಂಟೊ ಕಡೆಯೋ ಸ್ವಂತ ಮನೆ ಕೊಂಡಾಯ್ತು, ಹಿತ್ತಲಲ್ಲಿ ಒಂದಿಷ್ಟು ಜಾಗವೂ ಇದೆ. ಊರಿಂದ ಅಪ್ಪ ಅಮ್ಮ ಬಂದರೆ ಮಂಡಿ ನೋವಿಗೆ ಬಿಸಿನೀರು, ಮಕ್ಕಳಿಗೆ ಬೇಸಿಗೆಯಲ್ಲಿ ಆಟ. ಹಾಟ್ ಟಬ್ ಆಸೆ ಹುಟ್ಟುವುದು ಸಹಜ. ಆದರೆ ಲಾರಿ ಮನೆ ಮುಂದೆ ಬರುವ ಮೊದಲೇ ನಗರದ ಕಟ್ಟಡ ಇಲಾಖೆಯ ಪರ್ಮಿಟ್ ಕೈಯಲ್ಲಿರಬೇಕು. ನಿಯಮಗಳ ಪಟ್ಟಿ ಉದ್ದವಾಗಿದೆ. ಆದರೂ ಹೆಚ್ಚಿನವು ಎರಡೇ ವಿಷಯಕ್ಕೆ ಬಂದು ನಿಲ್ಲುತ್ತವೆ: ಮಗು ನೀರಿಗೆ ಬೀಳಬಾರದು, ನೀರಿಗೆ ಕರೆಂಟ್ ತಾಗಬಾರದು.

ಮೊದಲು ಯಾರನ್ನು ಕೇಳಬೇಕು?

ಮನೆ ನಗರದ ಗಡಿಯೊಳಗಿದ್ದರೆ ನಗರದ ಕಟ್ಟಡ ಇಲಾಖೆ, ಹೊರಗಿದ್ದರೆ ಕೌಂಟಿ. ನಿಮ್ಮ ಬಡಾವಣೆಗೆ ಮನೆಮಾಲೀಕರ ಸಂಘ ಇದ್ದರೆ ಅವರ ಒಪ್ಪಿಗೆಯನ್ನೂ ಬರಹದಲ್ಲಿ ತಗೊಳ್ಳಿ. ಇವೆರಡೂ ಬೇರೆ ಬೇರೆ. ಒಬ್ಬರು ಹೂಂ ಅಂದರೆ ಇನ್ನೊಬ್ಬರೂ ಹೂಂ ಅಂದಹಾಗೆ ಆಗುವುದಿಲ್ಲ.

24 ಇಂಚಿಗಿಂತ ಕಡಿಮೆ ಆಳದ, ನೆಲದ ಮೇಲೆ ಇಡುವ ರೆಡಿಮೇಡ್ ಕೊಳಕ್ಕೆ ಸಾಮಾನ್ಯವಾಗಿ ಕಟ್ಟಡ ಪರ್ಮಿಟ್ ಬೇಡ. 240 ವೋಲ್ಟ್ ಹಾಟ್ ಟಬ್‌ಗೆ ಹೊಸ ವೈರಿಂಗ್ ಎಳೆಯಬೇಕಾಗುತ್ತದೆ, ಹಾಗಾಗಿ ಕಡೇ ಪಕ್ಷ ಎಲೆಕ್ಟ್ರಿಕಲ್ ಪರ್ಮಿಟ್ ಬೇಕೇ ಬೇಕು. ಮಾಮೂಲಿ ಪ್ಲಗ್‌ಗೆ ಹಾಕುವ ಸಣ್ಣ ಟಬ್ ವಿಷಯದಲ್ಲಿ ಒಂದೊಂದು ನಗರ ಒಂದೊಂದು ರೀತಿ. ಅಂಗಡಿಯವರ ಮಾತು ನಂಬಿ ಸುಮ್ಮನಿರಬೇಡಿ, ಇಲಾಖೆಗೇ ಫೋನ್ ಮಾಡಿ.

ನಕ್ಷೆ

ಅರ್ಜಿಯ ಜೊತೆ ಸೈಟ್ ನಕ್ಷೆ ಕೊಡಬೇಕು. ಮನೆ, ಬೇಲಿ, ಟಬ್ಬಿನ ಜಾಗ, ಎಲೆಕ್ಟ್ರಿಕ್ ಪ್ಯಾನೆಲ್, ಗ್ಯಾಸ್ ಮತ್ತು ಒಳಚರಂಡಿ ಪೈಪು, ತಲೆ ಮೇಲೆ ಹಾದುಹೋಗುವ ತಂತಿ, ಎಲ್ಲವನ್ನೂ ಅಳತೆಯಂತೆ ತೋರಿಸಿ. ಗಡಿಯಿಂದ ಎಷ್ಟು ದೂರ ಬಿಡಬೇಕು ಅನ್ನುವುದನ್ನು ನಿಮ್ಮ ನಗರದ ನಿಯಮದಲ್ಲೇ ನೋಡಬೇಕು. ಮರದ ಡೆಕ್ ಮೇಲೆ ಇಡುವ ಯೋಚನೆ ಇದ್ದರೆ ಭಾರದ ಲೆಕ್ಕ ಹಾಕಿ. 400 ಗ್ಯಾಲನ್ ನೀರೇ ಸುಮಾರು 1,500 ಕಿಲೋ ತೂಗುತ್ತದೆ. ಅದರ ಮೇಲೆ ಟಬ್ಬು, ಒಳಗೆ ಕೂತವರು. ಎಂಜಿನಿಯರ್ ಲೆಕ್ಕವಿಲ್ಲದೆ ಡೆಕ್ ಮೇಲೆ ಇಡುವುದು ಅಪಾಯ.

ಮಕ್ಕಳ ಸುರಕ್ಷತೆ

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಕ್ಯಾಲಿಫೋರ್ನಿಯಾದ ಈಜುಕೊಳ ಸುರಕ್ಷತಾ ಕಾಯ್ದೆಯ ಪ್ರಕಾರ 18 ಇಂಚಿಗಿಂತ ಜಾಸ್ತಿ ಆಳದ ನೀರಿದ್ದರೆ ಅದು ಈಜುಕೊಳವೇ. ಹಾಟ್ ಟಬ್ ಕೂಡ ಇದರಲ್ಲಿ ಸೇರುತ್ತದೆ. 2018ರ ಜನವರಿ 1ರಿಂದ ಹೊಸ ಪರ್ಮಿಟ್‌ಗೆ ಕಾಯ್ದೆ ಹೇಳುವ ಏಳು ರಕ್ಷಣೆಗಳಲ್ಲಿ ಎರಡಾದರೂ ಇರಲೇಬೇಕು. ಕೊಳವನ್ನು ಮನೆಯಿಂದ ಬೇರ್ಪಡಿಸುವ ಬೇಲಿ, ತೆಗೆದಿಡಬಹುದಾದ ಬಲೆ ಬೇಲಿ, ಸುರಕ್ಷತಾ ಮುಚ್ಚಳ, ಕೊಳದ ಕಡೆಗೆ ತೆರೆಯುವ ಬಾಗಿಲಿಗೆ ಅಲಾರಂ, ಆ ಬಾಗಿಲು ತಾನಾಗಿ ಮುಚ್ಚಿ ಚಿಲಕ ಬೀಳುವ ವ್ಯವಸ್ಥೆ, ನೀರಿನೊಳಗಿನ ಅಲಾರಂ, ಇಲ್ಲವೇ ಇವಕ್ಕೆ ಸಮನಾದ ಪರೀಕ್ಷಿತ ಸಾಧನ. ಮಗುವಿನ ಕೈಗೆ ಕಟ್ಟುವ ಅಲಾರಂ ಲೆಕ್ಕಕ್ಕೆ ಬರುವುದಿಲ್ಲ.

"ಹಿತ್ತಲ ಸುತ್ತ ಬೇಲಿ ಇದೆಯಲ್ಲ" ಅಂತ ಅನ್ನಿಸಬಹುದು. ಆದರೆ ಮಗು ಬರುವುದು ಅಡುಗೆಮನೆ ಬಾಗಿಲಿಂದ ಅಲ್ವಾ? ಅದಕ್ಕೇ ಕಾಯ್ದೆ ಮನೆಗೂ ಕೊಳಕ್ಕೂ ನಡುವೆ ತಡೆ ಕೇಳುತ್ತದೆ. ಆ ಬೇಲಿ ಕಡೇ ಪಕ್ಷ 60 ಇಂಚು ಎತ್ತರ ಇರಬೇಕು. ಕೆಳಗಿನ ಸಂದು 2 ಇಂಚು ಮೀರಬಾರದು. ನಡುವಿನ ಸಂದಿನಲ್ಲಿ 4 ಇಂಚಿನ ಚೆಂಡು ತೂರಬಾರದು. ಹೊರಗಡೆಯಿಂದ ಪುಟ್ಟ ಮಗು ಕಾಲಿಟ್ಟು ಹತ್ತುವಂಥ ಪಟ್ಟಿ ಇರಬಾರದು. ಗೇಟು ಕೊಳದಿಂದ ಹೊರಮುಖವಾಗಿ ತೆರೆಯಬೇಕು, ಅದರ ಚಿಲಕ ನೆಲದಿಂದ 60 ಇಂಚಿಗಿಂತ ಕೆಳಗೆ ಇರಬಾರದು. ಗೇಟನ್ನು ಒಂದು ಗೇಣು ತೆರೆದು ಕೈ ಬಿಟ್ಟು ನೋಡಿ. ತಾನಾಗಿ ಹೋಗಿ ಟಕ್ ಅಂತ ಚಿಲಕ ಬೀಳಬೇಕು. ಬೀಳದಿದ್ದರೆ ತಪಾಸಣೆಗೆ ಮೊದಲೇ ಸ್ಪ್ರಿಂಗ್ ಸರಿಮಾಡಿಸಿ.

ಬೀಗ ಹಾಕಬಹುದಾದ, ಎಎಸ್‌ಟಿಎಂ ಎಫ್1346 ಎಂಬ ಸುರಕ್ಷತಾ ಮುಚ್ಚಳಗಳ ಮಾನದಂಡಕ್ಕೆ ಹೊಂದುವ ಮುಚ್ಚಳ ಇರುವ ಹಾಟ್ ಟಬ್‌ಗೆ ಈ ಎರಡು ರಕ್ಷಣೆಗಳ ನಿಯಮದಿಂದ ವಿನಾಯಿತಿ ಇದೆ. ಕೊಳ್ಳುವಾಗಲೇ ಮುಚ್ಚಳದ ಮೇಲಿನ ಲೇಬಲ್ ನೋಡಿ, ಫೋಟೋ ತೆಗೆದು ಅರ್ಜಿಗೆ ಲಗತ್ತಿಸಿ. ಬೀಗ ಹಾಕದೆ ಬಿಟ್ಟ ಮುಚ್ಚಳ ಮಾತ್ರ ಯಾವ ಮಗುವನ್ನೂ ಕಾಪಾಡುವುದಿಲ್ಲ.

ಕರೆಂಟು

240 ವೋಲ್ಟ್ ಟಬ್‌ಗೆ ಹೆಚ್ಚಾಗಿ 50 ಆಂಪಿನ ಪ್ರತ್ಯೇಕ ಸರ್ಕ್ಯೂಟ್ ಬೇಕು. ಸ್ವಲ್ಪ ಸೋರಿಕೆಯಾದರೂ ತಕ್ಷಣ ಕರೆಂಟ್ ಕಡಿಯುವ ಜಿಎಫ್‌ಸಿಐ ರಕ್ಷಣೆ ಕಡ್ಡಾಯ. ಆಫ್ ಮಾಡುವ ಸ್ವಿಚ್ ಪೆಟ್ಟಿಗೆ ಟಬ್ಬಿನಿಂದ ಕಣ್ಣಿಗೆ ಕಾಣುವಂತಿರಬೇಕು, ಆದರೆ ಕನಿಷ್ಠ 5 ಅಡಿ ದೂರ ಇರಬೇಕು. ನೀರಲ್ಲಿ ಕೂತವರ ಕೈಗೆ ಅದು ಎಟುಕಬಾರದು. ಹಳೆಯ ಮನೆಯಾದರೆ ಪ್ಯಾನೆಲ್ ಇಷ್ಟು ಲೋಡ್ ತಾಳುತ್ತದೆಯೇ ಅಂತ ಎಲೆಕ್ಟ್ರಿಷಿಯನ್‌ನಿಂದ ಮೊದಲೇ ನೋಡಿಸಿ.

ಕೆಲಸದವರು, ತಪಾಸಣೆ

ಈಜುಕೊಳ ಕಟ್ಟುವವರಿಗೆ ಸಿ-53, ವೈರಿಂಗ್ ಮಾಡುವವರಿಗೆ ಸಿ-10 ಲೈಸೆನ್ಸ್ ಇರಬೇಕು. ರಾಜ್ಯದ ಗುತ್ತಿಗೆದಾರರ ಲೈಸೆನ್ಸ್ ಮಂಡಳಿಯ ವೆಬ್‌ಸೈಟಲ್ಲಿ ನಂಬರ್ ಹಾಕಿ ನೋಡಬಹುದು. ಮುಂಗಡವಾಗಿ ಒಟ್ಟು ಮೊತ್ತದ ಶೇ 10 ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ಕೇಳಬೇಕು. ಅದಕ್ಕಿಂತ ಜಾಸ್ತಿ ಕೇಳಿದರೆ ಬೇರೆಯವರನ್ನು ನೋಡಿ.

ನೆಲ ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿ. ಕಡೇ ಪಕ್ಷ ಎರಡು ಕೆಲಸದ ದಿನ ಮುಂಚೆ ತಿಳಿಸಬೇಕು. ನೆಲದಡಿಯ ಗ್ಯಾಸು, ಕರೆಂಟ್ ಲೈನುಗಳನ್ನು ಪುಕ್ಕಟೆಯಾಗಿ ಗುರುತು ಮಾಡಿ ಹೋಗುತ್ತಾರೆ.

ಕಾಂಕ್ರೀಟ್ ಕೊಳಕ್ಕೆ ಹಂತ ಹಂತವಾಗಿ ತಪಾಸಣೆ ಇರುತ್ತದೆ: ಕಂಬಿ ಕಟ್ಟಿ ಪೈಪು ಹಾಕಿದ ಮೇಲೆ, ಪ್ಲಾಸ್ಟರ್‌ಗೆ ಮೊದಲು, ಕೊನೆಗೆ ಒಮ್ಮೆ. ವೈರು ಹಾಕಿದ ಕಾಲುವೆಯನ್ನು ಇನ್‌ಸ್ಪೆಕ್ಟರ್ ನೋಡುವ ಮೊದಲು ಮುಚ್ಚಬೇಡಿ, ಮತ್ತೆ ಅಗೆಯಬೇಕಾಗುತ್ತದೆ. ಅಂತಿಮ ಸಹಿಯಾದ ಕಾರ್ಡನ್ನು ಮನೆ ಪತ್ರಗಳ ಜೊತೆ ಇಡಿ. ಪರ್ಮಿಟ್ ಇಲ್ಲದೆ ಮಾಡಿಸಿದ ಕೆಲಸವನ್ನು ಮನೆ ಮಾರುವಾಗ ಕೊಳ್ಳುವವರಿಗೆ ಬರಹದಲ್ಲಿ ತಿಳಿಸಬೇಕಾಗುತ್ತದೆ, ಬೆಲೆಯ ಮಾತುಕತೆ ಅಲ್ಲೇ ಕುಸಿಯುತ್ತದೆ. ನೆಲದೊಳಗೆ ಕಟ್ಟಿದ ಕೊಳಕ್ಕೆ ಆಸ್ತಿ ತೆರಿಗೆಯೂ ಏರುತ್ತದೆ, ಅದನ್ನು ಬಜೆಟ್ಟಿಗೆ ಸೇರಿಸಿಕೊಳ್ಳಿ.

ಇನ್ನೊಂದು ವಿಷಯ. ಟಬ್ಬಿನ ನೀರು ಬದಲಿಸುವಾಗ ಅದನ್ನು ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಬಿಡಬೇಡಿ. ಆ ನೀರು ಶುದ್ಧೀಕರಣವಿಲ್ಲದೆ ಸೀದಾ ಹಳ್ಳಕ್ಕೂ ಕೊಲ್ಲಿಗೂ ಹೋಗುತ್ತದೆ, ಕ್ಲೋರಿನ್ ಮೀನುಗಳನ್ನು ಕೊಲ್ಲುತ್ತದೆ. ಮನೆಯ ಒಳಚರಂಡಿ ಪೈಪಿನ ಕ್ಲೀನ್‌ಔಟ್ (ಪೈಪು ಶುಚಿಮಾಡಲು ಇಟ್ಟಿರುವ ಮುಚ್ಚಳದ ಬಾಯಿ) ಎಲ್ಲಿದೆ ಅಂತ ಗುತ್ತಿಗೆದಾರರಿಂದ ಈಗಲೇ ತೋರಿಸಿಕೊಳ್ಳಿ, ಮೆದುಗೊಳವೆಯಲ್ಲಿ ಅಲ್ಲಿಗೇ ಬಿಡಿ.