ಕೈ ಬಿಟ್ಟರೆ ಬೀಳುತ್ತಿದ್ದ ಟೆನ್ಸೆಗ್ರಿಟಿ ಕೊನೆಗೂ ನಿಂತಿತು

ಮಗಳ ವಿಜ್ಞಾನ ಪ್ರದರ್ಶನಕ್ಕೆ ಟೆನ್ಸೆಗ್ರಿಟಿ ಮಾದರಿ, ಅಂದರೆ ಬಿಗಿದ ದಾರಗಳ ಎಳೆತದಿಂದಲೇ ಕಡ್ಡಿಗಳು ನಿಲ್ಲುವ ರಚನೆ, ಮಾಡಲು ಕೂತೆವು. ಮೂರು ಬಿದಿರು ಕಡ್ಡಿ, ಒಂಬತ್ತು ದಾರ: ಮೇಲಿನ ತ್ರಿಕೋನಕ್ಕೆ ಮೂರು, ಕೆಳಗಿನದಕ್ಕೆ ಮೂರು, ಎರಡನ್ನೂ ಜೋಡಿಸಲು ಬದಿಗೆ ಮೂರು. ಕಡ್ಡಿಗೆ ಕಡ್ಡಿ ತಾಗಬಾರದು, ಮಜಾ ಇರೋದೇ ಅಲ್ಲಿ. ಅಮೆರಿಕದ ಶಿಲ್ಪಿ ಕೆನೆತ್ ಸ್ನೆಲ್ಸನ್ 1968ರಲ್ಲಿ ಮಾಡಿದ ನೀಡಲ್ ಟವರ್ ಎಂಬ ಎತ್ತರದ ಶಿಲ್ಪ ಇದೇ ಉಪಾಯದಲ್ಲಿ ನಿಂತಿದೆ. ನಮ್ಮದು ಮಾತ್ರ ಕೈ ಬಿಟ್ಟ ಕೂಡಲೇ ದೊಪ್ಪನೆ ಬೀಳುತ್ತಿತ್ತು.

ಗಂಟು ಜಾರುತ್ತಿದೆ ಅಂದುಕೊಂಡು ಅಂಟು ಹಾಕಿದೆ. ಬೆರಳು ಅಂಟಿತು, ಅಷ್ಟೇ! ಆಮೇಲೆ ನೋಡಿದರೆ ಬದಿಯ ಮೂರು ದಾರಗಳ ಉದ್ದ ಜಾಸ್ತಿ. ಇದರಲ್ಲಿ ಒಂದು ದಾರ ಸಡಿಲವಾದರೂ ಉಳಿದವೆಲ್ಲ ಸಡಿಲ. ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಸೀಳಿ, ದಾರ ಸಿಕ್ಕಿಸಿ, ಮೂರನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಎಳೆದೆ. ಮೇಲಿನ ತ್ರಿಕೋನ ತಾನಾಗಿಯೇ ತಿರುಗುತ್ತಾ ಹೋಗಿ, ಕೆಳಗಿನದಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಗಟ್ಟಿ ನಿಂತಿತು. ಈಗ ದಾರ ಮೀಟಿದರೆ ಟಂಯ್ ಅನ್ನುತ್ತದೆ.