ಕ್ಯಾಲಿಫೋರ್ನಿಯಾದ ಹೊಸ ಮನೆ, ಸೂರಿನ ಮೇಲೆ ಲೀಸ್ ಸೋಲಾರ್: ಸಹಿ ಹಾಕುವ ಮುಂಚೆ ಓದಿ

ಬೇ ಏರಿಯಾದಲ್ಲಿ ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ ಮಾತು ಕೊನೆಗೆ ಕರೆಂಟ್ ಕಂಪನಿ ಪಿಜಿ ಆ್ಯಂಡ್ ಇಯ ಬಿಲ್ಲಿಗೆ ಬರುತ್ತದೆ, ಅಲ್ಲಿಂದ ಸೋಲಾರ್‌ಗೆ. ಪರಿಸರ, ಒಳ್ಳೆ ಬಿಸಿಲು ಎಂದೆಲ್ಲ ಹೇಳುತ್ತಾರೆ. ಆದರೆ ನಾನು ನೋಡಿದ ಮಟ್ಟಿಗೆ ಜನ ಸೋಲಾರ್ ಹಾಕಿಸುವುದು ಬಿಲ್ಲಿಗೆ ಹೆದರಿ. ಸಾಂಟಾ ಕ್ಲಾರಾದಲ್ಲಿ ಕರೆಂಟ್ ಕೊಡುವುದು ಊರಿನದೇ ಸಿಲಿಕಾನ್ ವ್ಯಾಲಿ ಪವರ್. ಯೂನಿಟ್ ದರ ಪಿಜಿ ಆ್ಯಂಡ್ ಇಯ ಅರ್ಧಕ್ಕಿಂತ ಕಡಿಮೆ. ಪಕ್ಕದ ಸನ್ನಿವೇಲ್‌ನಲ್ಲೂ ಅದೇ ಬಿಸಿಲು, ಆದರೆ ಬಿಲ್ಲು ಪಿಜಿ ಆ್ಯಂಡ್ ಇಯದು, ಹಾಗಾಗಿ ಲೆಕ್ಕ ಪೂರ್ತಿ ಬೇರೆ. ಮೈಸೂರಿನಲ್ಲಿರುವ ನಮ್ಮಣ್ಣನಿಗೆ ಗೃಹಜ್ಯೋತಿಯಿಂದ ಬಿಲ್ಲೇ ಬರುವುದಿಲ್ಲ. ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸೋಲಾರ್‌ಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ ಅಂದರೆ, "ಸೊನ್ನೆ ಬಿಲ್ಲಿಗೆ ಸೋಲಾರ್ ಯಾಕೋ?" ಅನ್ನುತ್ತಾನೆ. ಅವನು ಹೇಳುವುದು ಸರಿ.

ಇಲ್ಲಿ ಪಿಜಿ ಆ್ಯಂಡ್ ಇಗೆ 2023ರ ಏಪ್ರಿಲ್ 14ರೊಳಗೆ ಸೋಲಾರ್ ಅರ್ಜಿ ಹಾಕಿದವರು ಪುಣ್ಯವಂತರು. ಅವರು ಹಗಲು ಗ್ರಿಡ್‌ಗೆ ಕೊಟ್ಟ ಯೂನಿಟ್‌ಗೆ ಹೆಚ್ಚುಕಮ್ಮಿ ಕೊಳ್ಳುವ ದರವೇ ಜಮಾ ಆಗುತ್ತದೆ, ಅದೂ 20 ವರ್ಷ. ಈ ಹಳೆಯ ನಿಯಮದ ಹೆಸರೇ ನೆಮ್ 2. ಆಮೇಲೆ ಬಂದವರಿಗೆ ಆ ಬೆಲೆ ಸುಮಾರು ಮುಕ್ಕಾಲು ಪಾಲು ಇಳಿಯಿತು. ಮಧ್ಯಾಹ್ನ ಕೊಟ್ಟ ಯೂನಿಟ್‌ಗೆ ಸಾಮಾನ್ಯವಾಗಿ 10 ಸೆಂಟ್ ಕೂಡ ಸಿಗುವುದಿಲ್ಲ. ಬೇಸಿಗೆಯ ಸಂಜೆ 4ರಿಂದ 9ರವರೆಗೆ ಅದನ್ನೇ ಕೊಳ್ಳಲು ಹೋದರೆ 40 ಸೆಂಟ್ ದಾಟುತ್ತದೆ. ನಾವು ಆಫೀಸಿಂದ ಬಂದು ಕಾರು ಚಾರ್ಜ್‌ಗೆ ಹಾಕಿ ಸಾರು ಕುದಿಸುವುದು ಆ ಹೊತ್ತಿಗೇ ಅಲ್ವಾ? ಹಗಲಿನ ಕರೆಂಟನ್ನು ಸಂಜೆಗೆ ಉಳಿಸುವ ಬ್ಯಾಟರಿ ಇಲ್ಲದ ಸೋಲಾರ್ ಹಾಕಿಸಿ ಎಂದು ನಾನು ಈಗ ಯಾರಿಗೂ ಹೇಳುವುದಿಲ್ಲ.

ಇನ್ನು ನಮ್ಮವರು ಮತ್ತೆ ಮತ್ತೆ ಬೀಳುವ ಹಳ್ಳಕ್ಕೆ ಬರೋಣ. 2020ರಿಂದ ಇಲ್ಲಿ ಕಟ್ಟುವ ಹೆಚ್ಚಿನ ಹೊಸ ಮನೆಗಳಿಗೆ ಸೋಲಾರ್ ಕಡ್ಡಾಯ. ಟ್ರೇಸಿ, ಮೌಂಟನ್ ಹೌಸ್ ಊರುಗಳ ಕಡೆ ಮಾಡೆಲ್ ಹೋಮ್ ನೋಡಲು ಹೋದರೆ "ಸೋಲಾರ್ ಇನ್‌ಕ್ಲೂಡೆಡ್" ಅನ್ನುತ್ತಾರೆ. ಪ್ಯಾನೆಲ್ ನಿಮ್ಮದೋ ಕಂಪನಿಯದೋ ಎಂದು ಕೇಳದೇ ಇದ್ದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಾಲದ ಕಾಗದಗಳ ಕಟ್ಟಿನ ನಡುವೆ 20–25 ವರ್ಷದ ಲೀಸ್ ಕೂತಿರುತ್ತದೆ, ಅಂದರೆ ಪ್ಯಾನೆಲ್ ಕಂಪನಿಯದು, ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ನೀವು. ಗೃಹಪ್ರವೇಶದ ತಾರೀಖು ಗೊತ್ತಾಗಿರುತ್ತದೆ, ಅಪ್ಪ ಅಮ್ಮನ ಟಿಕೆಟ್ ಬುಕ್ ಆಗಿರುತ್ತದೆ. ಯಾರು ಓದುತ್ತಾರೆ? ಸುಮ್ನೆ ಸಹಿ ಹಾಕುತ್ತಾರೆ.

ಓದಬೇಕಾದ ಸಾಲು ಎಸ್ಕಲೇಟರ್‌ನದು, ಅಂದರೆ ಕಂತು ವರ್ಷವರ್ಷ ಎಷ್ಟು ಏರುತ್ತದೆ ಎನ್ನುವುದು. ಕಂತು ವರ್ಷಕ್ಕೆ 2.9% ಏರುತ್ತದೆ ಎಂದಿದ್ದರೆ ಲೆಕ್ಕ ಹಾಕಿ. ಮೊದಲ ವರ್ಷ ತಿಂಗಳಿಗೆ 100 ಡಾಲರ್ ಇದ್ದದ್ದು 25ನೇ ವರ್ಷಕ್ಕೆ 199 ಆಗುತ್ತದೆ, ಪ್ಯಾನೆಲ್ ಮಾತ್ರ ಹಳೆಯದಾಗಿ ಕರೆಂಟ್ ಕಮ್ಮಿ ಕೊಡುತ್ತಿರುತ್ತದೆ. ಪಿಪಿಎ ಎನ್ನುವ ಕರಾರು ಇನ್ನೂ ನಾಜೂಕು. ಅದರಲ್ಲಿ ತಯಾರಾದ ಪ್ರತಿ ಯೂನಿಟ್‌ಗೂ ಕಂಪನಿಗೆ ದುಡ್ಡು ಕೊಡಬೇಕು. ಕಂಪನಿಗೆ 22 ಸೆಂಟ್ ಕೊಟ್ಟು, ಅದೇ ಯೂನಿಟ್ಟನ್ನು ಗ್ರಿಡ್‌ಗೆ 10 ಸೆಂಟ್ ಒಳಗೆ ಮಾರುವ ವ್ಯಾಪಾರ ಯಾರಿಗೆ ಬೇಕು?

ನಿಜವಾದ ಪೆಟ್ಟು ಮನೆ ಮಾರುವಾಗ. ಮೌಂಟನ್ ಹೌಸ್‌ನಲ್ಲಿದ್ದ ದಾವಣಗೆರೆಯ ಗೆಳೆಯರೊಬ್ಬರಿಗೆ ಆಸ್ಟಿನ್‌ಗೆ ವರ್ಗ ಆಯಿತು. ಮನೆಗೆ ಗಿರಾಕಿ ಸಿಕ್ಕಿತು. ಆದರೆ ಕೊಳ್ಳುವವರ ಬ್ಯಾಂಕು ಸೋಲಾರ್ ಕಂತನ್ನೂ ಸಾಲದ ಲೆಕ್ಕಕ್ಕೆ ಸೇರಿಸಿತು, ಅವರು ಲೀಸ್ ಒಲ್ಲೆ ಎಂದರು. ಕಂಪನಿಯವರು ಬೈಔಟ್ ಮೊತ್ತ, ಅಂದರೆ ಲೀಸ್ ಮುಗಿಸಿಕೊಳ್ಳಲು ಒಮ್ಮೆಗೇ ಕಟ್ಟಬೇಕಾದ ಹಣ, ಎಷ್ಟೆಂದು ಹೇಳಲು ಮೂರು ವಾರ ಎಳೆದಾಡಿದರು. ಕೊನೆಗೆ ಮನೆ ಮಾರಿದ ಹಣದಿಂದಲೇ 18,000 ಡಾಲರ್ ಕಟ್ಟಿ ಬಿಡಿಸಿಕೊಂಡರು. ಲೀಸ್ ಕಂಪನಿಗಳು ಪ್ಯಾನೆಲ್ ತಮ್ಮದು ಎಂದು ತೋರಿಸುವ ಯುಸಿಸಿ-1 ಎಂಬ ಕಾಗದವನ್ನು ಸರ್ಕಾರಿ ದಾಖಲೆಗೆ ಸೇರಿಸಿರುತ್ತವೆ. ಹಳೆಯ ಮನೆ ಸಾಲ ತೀರಿಸಿ ಹೊಸದು ತೆಗೆಯಲು, ಅಂದರೆ ರಿಫೈನಾನ್ಸ್‌ಗೆ ಹೋದರೆ ಅದೂ ಅಡ್ಡ ಬರುತ್ತದೆ.

ಈಗ ಈ ಕಾಟ ಜಾಸ್ತಿಯಾಗಿದೆ. ಸ್ವಂತಕ್ಕೆ ಸೋಲಾರ್ ಹಾಕಿಸಿದವರಿಗೆ ಇದ್ದ 30% ಫೆಡರಲ್ ಟ್ಯಾಕ್ಸ್ ಕ್ರೆಡಿಟ್ 2025ರ ಕೊನೆಗೆ ಮುಗಿಯಿತು. ಲೀಸ್ ಕಂಪನಿಗಳ ಕ್ರೆಡಿಟ್ ಮಾತ್ರ ಇನ್ನೂ ಸ್ವಲ್ಪ ಕಾಲ ಉಳಿದಿದೆ. ಹಾಗಾಗಿ ಬಾಗಿಲು ತಟ್ಟುವ ಹುಡುಗರು "ಲೀಸ್ ಮಾಡಿದರೆ ಮಾತ್ರ ಲಾಭ" ಎನ್ನುತ್ತಾರೆ. ಲಾಭ ಹೌದು, ಆದರೆ ಕ್ರೆಡಿಟ್ ಮೊದಲು ಹೋಗುವುದು ಕಂಪನಿಗೆ. ಸಬ್ಸಿಡಿಯನ್ನು ನೇರ ಮನೆಯವರ ಖಾತೆಗೆ ಹಾಕುವ ನಮ್ಮೂರಿನ ಪದ್ಧತಿ ಈ ಒಂದು ವಿಷಯದಲ್ಲಿ ಎಷ್ಟೋ ವಾಸಿ.

ಕಡ್ಡಾಯ ಇರುವುದು ಪ್ಯಾನೆಲ್, ಲೀಸ್ ಅಲ್ಲ. ಬಿಲ್ಡರ್ ಹತ್ತಿರ ಪೂರ್ತಿ ದುಡ್ಡು ಕೊಟ್ಟು ಕೊಳ್ಳುವ ಬೆಲೆ ಕೇಳಿ, ಅದನ್ನು ಮನೆ ಸಾಲಕ್ಕೇ ಸೇರಿಸಲು ಆಗುತ್ತದಾ ವಿಚಾರಿಸಿ. ಲೀಸ್ ಬಿಟ್ಟು ಬೇರೆ ದಾರಿಯೇ ಇಲ್ಲ ಎಂದರೆ, ಎಸ್ಕಲೇಟರ್ ಇಲ್ಲದ ಕರಾರು ಮತ್ತು ವರ್ಷವಾರು ಬೈಔಟ್ ಪಟ್ಟಿ ಕೈಗೆ ಬರುವವರೆಗೆ ಪೆನ್ನು ಮುಟ್ಟಬೇಡಿ.

ಹಳೆಯ ಮನೆ ಕೊಳ್ಳುವವರು ಅದು ನೆಮ್ 2ರಲ್ಲಿದೆಯಾ ಎಂದು ಕೇಳಿ. ಇದ್ದರೆ 20 ವರ್ಷದಲ್ಲಿ ಉಳಿದಷ್ಟು ನಿಮಗೂ ಸಿಗುತ್ತದೆ. ಆ ಖುಷಿಯಲ್ಲಿ ಪ್ಯಾನೆಲ್ ಸೇರಿಸಲು ಹೋಗಬೇಡಿ. ಒಂದು ಕಿಲೋವ್ಯಾಟ್ ಅಥವಾ 10%, ಯಾವುದು ಜಾಸ್ತಿಯೋ ಅದನ್ನು ಮೀರಿದರೆ ಹಳೆಯ ದರ ಕೈತಪ್ಪುತ್ತದೆ. ಬ್ಯಾಟರಿ ಸೇರಿಸಿದರೆ ತೊಂದರೆಯಿಲ್ಲ.