ಹುಬ್ಬಳ್ಳಿ–ಬೆಂಗಳೂರು ವಿಮಾನಯಾನ: ದೂರ ಮತ್ತು ಅವಧಿಯನ್ನು ಲೆಕ್ಕ ಹಾಕುವುದು ಹೇಗೆ?

ಉತ್ತರ ಕನ್ನಡ ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲದ ಕಾರಣ ಶಿರಸಿ, ಯಲ್ಲಾಪುರದ ಪ್ರಯಾಣಿಕರು ಹುಬ್ಬಳ್ಳಿಗೂ, ಕಾರವಾರದವರು ಗೋವಾದ ದಾಬೋಲಿಮ್‌ಗೂ ಹೋಗಿ ವಿಮಾನ ಹತ್ತುವುದು ರೂಢಿ. ಯಾವ ನಿಲ್ದಾಣ ಅನುಕೂಲವೆಂದು ನಿರ್ಧರಿಸಲು ಟಿಕೆಟ್ ದರವೊಂದನ್ನೇ ನೋಡಿದರೆ ಸಾಲದು. ಹಾರಾಟದ ದೂರ ಮತ್ತು ಅವಧಿಯನ್ನು ಎಸ್‌ಎಸ್‌ಎಲ್‌ಸಿ ಗಣಿತ ಬಲ್ಲ ಯಾರೇ ಆಗಲಿ ಕಾಗದದ ಮೇಲೆ ಕಂಡುಕೊಳ್ಳಬಹುದು.

ಮೊದಲು ನಕ್ಷೆಯಲ್ಲಿ ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶ ರೂಪದಲ್ಲಿ ಬರೆದುಕೊಳ್ಳಿ. ಹುಬ್ಬಳ್ಳಿಯದು 15.36 ಉತ್ತರ, 75.08 ಪೂರ್ವ, ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ್ದು 13.20 ಉತ್ತರ, 77.71 ಪೂರ್ವ.

ಎರಡನೆಯದಾಗಿ, ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ. ಆದ್ದರಿಂದ ಅಕ್ಷಾಂಶಗಳ ವ್ಯತ್ಯಾಸವನ್ನು 111ರಿಂದ ಗುಣಿಸಿ. ಇಲ್ಲಿ 2.16 ಡಿಗ್ರಿಗೆ 240 ಕಿ.ಮೀ. ಆಗುತ್ತದೆ. ಧ್ರುವಗಳತ್ತ ಸಾಗಿದಂತೆ ರೇಖಾಂಶಗಳು ಹತ್ತಿರವಾಗುವುದರಿಂದ ಅವುಗಳ ವ್ಯತ್ಯಾಸವನ್ನು 111ರಿಂದಲೂ ನಡುವಿನ ಅಕ್ಷಾಂಶದ ಕೊಸೈನ್ ಬೆಲೆಯಿಂದಲೂ ಗುಣಿಸಬೇಕು. ನಮ್ಮ ಭಾಗಕ್ಕೆ ಆ ಬೆಲೆ ಸುಮಾರು 0.97. ಹಾಗಾಗಿ 2.63 ಡಿಗ್ರಿಗೆ 283 ಕಿ.ಮೀ. ಬರುತ್ತದೆ. ಈ ಎರಡು ಸಂಖ್ಯೆಗಳಿಗೆ ಪೈಥಾಗೊರಸ್ ಪ್ರಮೇಯವನ್ನು ಅನ್ವಯಿಸಿದರೆ ಸಿಗುವ ನೇರ ದೂರ ಸುಮಾರು 371 ಕಿ.ಮೀ.

ಮೂರನೆಯದು ಅವಧಿ. ಗಂಟೆಗೆ ಸುಮಾರು 500 ಕಿ.ಮೀ. ವೇಗದ ಎಟಿಆರ್ ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನಕ್ಕೆ ಈ ದೂರ 44 ನಿಮಿಷ, 830 ಕಿ.ಮೀ. ವೇಗದ ಏರ್‌ಬಸ್ ಎ320 ಜೆಟ್ ವಿಮಾನಕ್ಕೆ 27 ನಿಮಿಷ. ಆದರೆ ಟಿಕೆಟ್‌ನಲ್ಲಿ ನಮೂದಾಗುವುದು ವಿಮಾನ ನಿಂತ ಜಾಗದಿಂದ ಹೊರಟು ಇನ್ನೊಂದೆಡೆ ಪೂರ್ತಿ ನಿಲ್ಲುವವರೆಗಿನ ಅವಧಿ. ರನ್‌ವೇವರೆಗಿನ ಓಟ, ಮೇಲೇರುವಿಕೆ, ಇಳಿಯುವ ಸರದಿಗಾಗಿ ಕಾಯುವಿಕೆ ಇವೆಲ್ಲಕ್ಕೆ 25ರಿಂದ 30 ನಿಮಿಷ ಸೇರಿಸಿ. ಇಷ್ಟು ಕಡಿಮೆ ದೂರದಲ್ಲಿ ಜೆಟ್ ವಿಮಾನ ತನ್ನ ಪೂರ್ಣ ವೇಗದಲ್ಲಿ ಹಾರುವುದು ಸ್ವಲ್ಪ ಹೊತ್ತು ಮಾತ್ರವಾದ್ದರಿಂದ ಅದಕ್ಕೆ ಇನ್ನೂ ಕೆಲವು ನಿಮಿಷ ಕೂಡಿಸುವುದು ಒಳ್ಳೆಯದು.

ಗಾಳಿಯ ಪಾತ್ರವನ್ನು ಬಹಳ ಜನ ಗಮನಿಸುವುದಿಲ್ಲ. ಗಂಟೆಗೆ 40 ಕಿ.ಮೀ. ಎದುರುಗಾಳಿಯಿದ್ದರೆ ಎಟಿಆರ್‌ನ 44 ನಿಮಿಷ 48 ಆಗುತ್ತದೆ. ಅಷ್ಟೇ ಗಾಳಿ ಹಿಂದಿನಿಂದ ಬೀಸಿದರೆ 41ಕ್ಕೆ ಇಳಿಯುತ್ತದೆ. ಇದಕ್ಕಿಂತ ಮುಖ್ಯವಾದುದು ರನ್‌ವೇ ದಿಕ್ಕು. ಹುಬ್ಬಳ್ಳಿಯ ರನ್‌ವೇ ತುದಿಗಳಲ್ಲಿ 08 ಮತ್ತು 26 ಎಂಬ ಸಂಖ್ಯೆಗಳಿವೆ. ಹತ್ತರಿಂದ ಗುಣಿಸಿದರೆ ಅವು ದಿಕ್ಸೂಚಿಯ ಡಿಗ್ರಿಗಳು, ಅಂದರೆ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿದೆ. ಬೆಂಗಳೂರಿನದೂ ಹಾಗೆಯೇ. ವಿಮಾನಗಳು ಗಾಳಿಗೆ ಮುಖ ಮಾಡಿಯೇ ಏರುತ್ತವೆ, ಇಳಿಯುತ್ತವೆ. ಆದ್ದರಿಂದ ಮಳೆಗಾಲದ ಪಡುವಣ ಗಾಳಿಯಲ್ಲಿ ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ಏರಿ ತಿರುಗಬೇಕಾಗುತ್ತದೆ. ಬೆಂಗಳೂರನ್ನು ದಾಟಿ ಪೂರ್ವದಿಂದ ಮರಳಿ ಇಳಿಯಬೇಕಾಗುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿಯಿರುವಾಗ ಈ ಎರಡೂ ಸುತ್ತು ಸಾಮಾನ್ಯವಾಗಿ ತಪ್ಪುತ್ತವೆ.

ಇದೇ ಕ್ರಮದಲ್ಲಿ ದಾಬೋಲಿಮ್‌ನ 15.38 ಉತ್ತರ, 73.83 ಪೂರ್ವವನ್ನು ಇಟ್ಟು ನೋಡಿದರೆ ಬೆಂಗಳೂರಿಗೆ ಸುಮಾರು 482 ಕಿ.ಮೀ. ಬರುತ್ತದೆ. ಹುಬ್ಬಳ್ಳಿಗಿಂತ 111 ಕಿ.ಮೀ. ಹೆಚ್ಚಾದರೂ ಜೆಟ್ ವಿಮಾನಕ್ಕೆ ಅದು ಕೇವಲ 8 ನಿಮಿಷದ ಹಾರಾಟ. ಹೀಗಿರುವಾಗ ಕಾರವಾರದವರು ಆ 8 ನಿಮಿಷಕ್ಕಾಗಿ ಮಳೆಗಾಲದಲ್ಲಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕಾದ ಅಗತ್ಯವಿಲ್ಲ.